ಅಮೆರಿಕದ ಪಾಸ್‌ಪೋರ್ಟ್ ಇದ್ದರೆ ವೀಸಾ ಬೇಡವೇ?

ಅಮೆರಿಕದ ಪಾಸ್‌ಪೋರ್ಟ್ ಇದ್ದರೆ ಎಲ್ಲಿಗೂ ವೀಸಾ ಬೇಡ ಅನ್ನೋ ಸಂದೇಶ ಮತ್ತೆ ಮತ್ತೆ ಬರುತ್ತಿರುತ್ತದೆ. ಕಳಿಸುವವರ ಉದ್ದೇಶ ಒಳ್ಳೆಯದೇ, ಆದರೆ ಮಾಹಿತಿ ತಪ್ಪು. ಭಾರತಕ್ಕೇ ವೀಸಾ ಬೇಕು. ಅಮೆರಿಕದಲ್ಲಿ ಹುಟ್ಟಿ ಅಲ್ಲಿನ ಪ್ರಜೆಯಾದ ಮೊಮ್ಮಗು ಮೈಸೂರಿನ ಅಜ್ಜಿಯನ್ನು ನೋಡಲು ಬರುವುದಾದರೂ ವೀಸಾ ಇಲ್ಲವೇ ಒಸಿಐ ಕಾರ್ಡ್ (ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡ್) ಇರಲೇಬೇಕು. ಬಂದಿಳಿದ ಮೇಲೆ ಮಾಡಿಸಿದರಾಯಿತು ಅನ್ನುವಂತಿಲ್ಲ. ಆನ್‌ಲೈನ್‌ನಲ್ಲಿ ಪಡೆಯುವ ಇ-ವೀಸಾಗೂ ಹೊರಡುವ ಮೊದಲೇ ಅರ್ಜಿ ಹಾಕಬೇಕು. ಇಲ್ಲದಿದ್ದರೆ ಚೆಕ್-ಇನ್ ಕೌಂಟರಿನಲ್ಲೇ ತಡೆಯುತ್ತಾರೆ. ಕೂಸನ್ನು ಎತ್ತಿಕೊಂಡು ಅಲ್ಲಿಂದ ವಾಪಸ್ ಹೋಗೋದು ಎಷ್ಟು ಸಂಕಟ, ಅಲ್ವಾ?

ನೀವೇ ಪರೀಕ್ಷಿಸಬಹುದು. ಅಮೆರಿಕ ಸರ್ಕಾರದ ಪ್ರಯಾಣ ಜಾಲತಾಣದಲ್ಲಿ ಒಂದೊಂದು ದೇಶದ ವೀಸಾ ನಿಯಮವೂ ಇದೆ, ಸುರಕ್ಷತೆಯ ಹಂತವೂ ಇದೆ. ಹಂತ 1 ಅಂದರೆ ಮಾಮೂಲಿ ಎಚ್ಚರ ಸಾಕು, 4 ಅಂದರೆ ಹೋಗಲೇಬೇಡಿ. ವಿಳಾಸದ ಕೊನೆಯನ್ನೂ ನೋಡಿ: ಅಮೆರಿಕದ್ದು ಡಾಟ್ ಗವ್, ಭಾರತದ್ದು ಡಾಟ್ ಗವ್ ಡಾಟ್ ಇನ್. ಹಾಗೇ ಕಾಣುವ ಖಾಸಗಿ ತಾಣಗಳೂ ಇವೆ, ಜಾಸ್ತಿ ದುಡ್ಡು ಕೇಳುತ್ತವೆ.