ತಂಬಾಕಿನ ‘ಕನ್ನಡಿ ಅಮೈನೋ ಆಮ್ಲ’ ಬೆರಕೆಯಲ್ಲ: ಒಂದು ಸ್ಪಷ್ಟನೆ

ಗಂಗಾವತಿ, ಸಿಂಧನೂರು ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ತಂಬಾಕಿಗೆ ಕಂಪನಿಯವರು ‘ಕನ್ನಡಿ ಅಮೈನೋ ಆಮ್ಲ’ ಬೆರೆಸುತ್ತಾರಂತೆ, ಕ್ಯಾನ್ಸರ್ ತರುವುದು ಅದೇ ಅಂತೆ, ಸಂತೆಯ ಬಿಡಿ ತಂಬಾಕಿನ ಎಲೆಗೆ ದೋಷವೇ ಇಲ್ಲವಂತೆ. ಮೂರರಲ್ಲಿ ಒಂದು ಮಾತೂ ನಿಲ್ಲುವುದಿಲ್ಲ.

ಕನ್ನಡಿ ರೂಪವೆಂಬುದು ಇರುವುದೇನೋ ನಿಜ. ಎಡಗಾಲಿನ ಚಪ್ಪಲಿಗೂ ಬಲಗಾಲಿನದಕ್ಕೂ ಒಂದೇ ತೊಗಲು, ಒಂದೇ ಹೊಲಿಗೆ. ಅದಲುಬದಲು ಮೆಟ್ಟಿದರೆ ನಡೆಯಲಾಗದು. ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳಿಗೂ ಹೀಗೆಯೇ ಎಲ್ ಮತ್ತು ಡಿ ಎಂಬ, ಒಂದಕ್ಕೊಂದು ಕನ್ನಡಿ ಬಿಂಬದಂತಿರುವ ಎರಡು ರೂಪಗಳು. ಜೀವಕೋಶ ಪ್ರೋಟೀನ್ ಕಟ್ಟುವುದು ಎಲ್ ರೂಪದಿಂದ. ಸಂದೇಶದವರು ‘ಕನ್ನಡಿ’ ಎನ್ನುವ ಡಿ ರೂಪವನ್ನು ಯಾರೂ ಹೊರಗಿನಿಂದ ತಂದು ಸುರಿಯಬೇಕಾಗಿಲ್ಲ: ಬ್ಯಾಕ್ಟೀರಿಯಾಗಳ ಕೋಶಭಿತ್ತಿಯಲ್ಲಿ ಡಿ-ಅಲನಿನ್ ಎಂಬ ಡಿ ರೂಪದ ಅಮೈನೋ ಆಮ್ಲ ಇದ್ದೇ ಇದೆ, ಎಲೆಯನ್ನು ಒಣಗಿಸಿ ಹದಗೊಳಿಸುವಾಗಲೂ ಒಂದಿಷ್ಟು ಹುಟ್ಟುತ್ತದೆ. ಮೊಸರಿನಲ್ಲೂ ಉಂಟು. ನಮ್ಮ ಮಿದುಳೇ ಡಿ-ಸೆರಿನ್ ಎಂಬ ಇನ್ನೊಂದನ್ನು ತಯಾರಿಸಿಕೊಳ್ಳುತ್ತದೆ. ಅದಕ್ಕೆ ಯಾವ ಕಂಪನಿಯನ್ನು ಬೈಯೋಣ?

ನಿಜವಾದ ಕೇಡು ಬೇರೆ ಕಡೆ ಇದೆ. ಎಲೆ ಹದವಾಗುವಾಗ ನಿಕೋಟಿನ್ ಮತ್ತು ಅದರ ಬಂಧು ನಾರ್‌ನಿಕೋಟಿನ್, ನೈಟ್ರೈಟ್ ಎಂಬ ಸಾರಜನಕದ ಲವಣದ ಜೊತೆ ಸೇರಿ ನೈಟ್ರೋಸಮೈನ್‌ ಎಂಬ ರಾಸಾಯನಿಕಗಳಾಗುತ್ತವೆ. ಇವುಗಳಲ್ಲಿ ಎನ್‌ಎನ್‌ಎನ್, ಎನ್‌ಎನ್‌ಕೆ ಎಂಬೆರಡು ಕ್ಯಾನ್ಸರ್‌ಕಾರಕಗಳೆಂದು ಖಚಿತವಾಗಿದೆ. ಬಿಡಿ ಎಲೆಯೂ ಹದವಾದ ಎಲೆಯೇ ತಾನೇ? ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು, ಅಂಗೈಗೆ ಉಗುರಿನಷ್ಟು ಸುಣ್ಣ ಹಚ್ಚಿಕೊಂಡು ಹೆಬ್ಬೆರಳಿನಿಂದ ತಂಬಾಕು ತಿಕ್ಕುತ್ತಾರಲ್ಲ, ಆ ತಿಕ್ಕಾಟದಲ್ಲೂ ರಸಾಯನಶಾಸ್ತ್ರವಿದೆ: ಸುಣ್ಣದ ಕ್ಷಾರ ನಿಕೋಟಿನ್ ಅನ್ನು ಲವಣದ ಹಿಡಿತದಿಂದ ಬಿಡಿಸುತ್ತದೆ, ಅದು ತುಟಿಯ ಒಳಪದರದ ಮೂಲಕ ಬೇಗನೆ ರಕ್ತಕ್ಕಿಳಿಯುತ್ತದೆ.

ಆ ಸಂದೇಶವನ್ನು ಈಗಾಗಲೇ ಹತ್ತು ಜನರಿಗೆ ಕಳಿಸಿದವರು ದಯವಿಟ್ಟು ಇದನ್ನೂ ಅದರ ಬೆನ್ನಿಗೇ ಕಳಿಸಿ.