ಇಲಿಯ ಗಾಯ ನಮ್ಮ ಗಾಯ ಅಲ್ಲ

"ಹಚ್ಚಿದ ಐದೇ ದಿನಕ್ಕೆ ಗಾಯ ಮಾಯ" ಅಂತ ಹೊಸ ಮುಲಾಮಿನ ಸುದ್ದಿ ಕಂಡರೆ ನಾನು ಮೊದಲು ಕೇಳುವುದು, ಗಾಯ ಯಾರದ್ದು? ಹೆಚ್ಚಿನ ಸಲ ಇಲಿಯದ್ದು.

ಓದುವಾಗ ಲ್ಯಾಬಿನಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಅರಿವಳಿಕೆ ಕೊಟ್ಟು, ಬೆನ್ನಿನ ಕೂದಲು ಬೋಳಿಸಿ, 6 ಮಿಲಿಮೀಟರಿನ ಪಂಚ್ ಅನ್ನುವ ದುಂಡು ಅಲಗಿನಿಂದ ಚರ್ಮದ ಪುಟ್ಟ ಬಿಲ್ಲೆ ತೆಗೆಯುತ್ತಾರೆ. ಆಮೇಲೆ ದಿನಾ ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು ಫೋಟೋ. ಗಾಯ ದಿನದಿನಕ್ಕೆ ಕಿರಿದಾಗುವುದನ್ನು ನೋಡಿ ಎಷ್ಟು ಖುಷಿಪಟ್ಟಿದ್ದೆ! ಆದರೆ ಅಲ್ಲಿ ಹೊಸ ಚರ್ಮ ಬೆಳೆದದ್ದಕ್ಕಿಂತ ಸುತ್ತಲಿನ ಚರ್ಮ ಒಳಕ್ಕೆ ಎಳೆದುಕೊಂಡದ್ದೇ ಜಾಸ್ತಿ. ಇಲಿಯ ಚರ್ಮ ಸಡಿಲ, ಅದರಡಿ ಪ್ಯಾನಿಕ್ಯುಲಸ್ ಕಾರ್ನೋಸಸ್ ಅನ್ನುವ ತೆಳು ಸ್ನಾಯು ಪದರವೂ ಇದೆ, ಹಾಗಾಗಿ ಸಂಚಿಯ ದಾರ ಎಳೆದ ಹಾಗೆ ಗಾಯದ ಬಾಯಿ ಮುಚ್ಚಿಕೊಳ್ಳುತ್ತದೆ. ನಮ್ಮ ಚರ್ಮ ಒಳಗಿನ ಪದರಕ್ಕೆ ಬಿಗಿಯಾಗಿ ಅಂಟಿಕೊಂಡಿದೆ. ತಳದಿಂದ ಹೊಸ ಮಾಂಸ ತುಂಬಿ, ಅಂಚಿನಿಂದ ಚರ್ಮ ಹಬ್ಬಿಕೊಂಡು ಬಂದರೇನೇ ದೊಡ್ಡ ಗಾಯ ಮಾಯುವುದು.

ಇದಕ್ಕೆ ದಾರಿ ಇಲ್ಲ ಅಂತಲ್ಲ. ಗಾಯದ ಸುತ್ತ ಸಿಲಿಕೋನ್ ಉಂಗುರ ಅಂಟಿಸಿ ಹೊಲಿದರೆ ಎಳೆತ ಬಹುಮಟ್ಟಿಗೆ ತಪ್ಪುತ್ತದೆ. ಇಲಿ ಅದನ್ನು ಕಚ್ಚಿ ಕಿತ್ತರೆ ಆ ಗಾಯವನ್ನು ಲೆಕ್ಕಕ್ಕೆ ಹಿಡಿಯಬಾರದು, ಎಷ್ಟೇ ಬೇಜಾರಾದರೂ.

ಹಂದಿಯ ಚರ್ಮ ನಮ್ಮದಕ್ಕೆ ಹೆಚ್ಚು ಹತ್ತಿರ. 1962ರಲ್ಲಿ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಗಾಯಕ್ಕೆ ಪಾಲಿಥೀನ್ ಹಾಳೆ ಮುಚ್ಚಿ, ಹಕ್ಕಳೆ ಕಟ್ಟಲು ಬಿಡದೆ ತೇವ ಉಳಿಸಿದರೆ ಹೊಸ ಚರ್ಮ ಬೇಗ ಹಬ್ಬುತ್ತದೆ ಅಂತ ತೋರಿಸಿದರು. ಇವತ್ತು ನಮ್ಮ ಗಾಯಕ್ಕೆ ಹಾಕುವ ಎಷ್ಟೋ ಪಟ್ಟಿಗಳ ಹಿಂದೆ ಆ ಕೆಲಸ ಇದೆ. ಅದಕ್ಕೇ ಪ್ರಾಣಿ ಪ್ರಯೋಗವೆಲ್ಲ ದಂಡ ಅಂತ ನಾನು ಹೇಳಲಾರೆ.

ಆದರೆ ಸಕ್ಕರೆ ಕಾಯಿಲೆ ಬರಿಸಿದ ಎಳೆ ಇಲಿಗೆ ಶುಚಿಯಾಗಿ ಒಂದು ಗಾಯ ಮಾಡಿ, ಅದು ಮಾಯಿತು ಅಂದ ಮಾತ್ರಕ್ಕೆ ಅದೇ ಕಾಯಿಲೆ ಇರುವ ವಯಸ್ಸಾದವರ ಕಾಲಿನ ಹುಣ್ಣೂ ಮಾಯುತ್ತದೆ ಅನ್ನಬಹುದೇ? ಅಲ್ಲಿ ಪಾದಕ್ಕೆ ಸ್ಪರ್ಶವೇ ಗೊತ್ತಾಗುವುದಿಲ್ಲ, ರಕ್ತ ಸರಿಯಾಗಿ ಹರಿಯುವುದಿಲ್ಲ, ತಿಂಗಳುಗಟ್ಟಲೆ ಕೀವು. ಎರಡೂ ಒಂದೇ ಅಲ್ಲ, ಅಲ್ವಾ?

ಅರಿವಳಿಕೆ ಇಳಿದ ಮೇಲೆ ಬೆನ್ನು ಗೂನಾಗಿಸಿ, ಕಣ್ಣು ಅರೆಮುಚ್ಚಿ ಮೂಲೆಯಲ್ಲಿ ಕೂತ ಇಲಿಯನ್ನು ನಾನು ಮರೆತಿಲ್ಲ. ಅದಕ್ಕೆ ನೋವಿನ ಔಷಧಿ ಕೊಡಲೇಬೇಕು. ಫಲಿತಾಂಶ ಕೆಟ್ಟೀತು ಅನ್ನುವ ನೆಪ ಬೇಡ. ಆಪರೇಷನ್ನಿನಲ್ಲಿ ತೆಗೆದ ಮನುಷ್ಯರ ಚರ್ಮದಲ್ಲೇ ಉತ್ತರ ಸಿಗುವ ಪ್ರಶ್ನೆಯಾದರೆ ಇಲಿಯನ್ನು ಮುಟ್ಟುವುದೇ ಬೇಡ. ಮುಟ್ಟಿದರೆ, ಬರೀ ಫೋಟೋ ಅಳೆದು ನಿಲ್ಲಿಸಬೇಡಿ. ಗಾಯದ ಜಾಗದ ಚರ್ಮದ ತೆಳು ಸೀಳನ್ನು ಮೈಕ್ರೋಸ್ಕೋಪಿನಡಿ ಇಟ್ಟು ಎಷ್ಟು ಎಳೆದುಕೊಂಡಿತು, ಎಷ್ಟು ನಿಜವಾಗಿ ಬೆಳೆಯಿತು ಅಂತ ಬೇರೆ ಬೇರೆ ಬರೆಯಿರಿ.