ಎನ್‌ಎಂಎಂಎಸ್ ಹಣ ಎಸ್ಸೆಸ್ಸೆಲ್ಸಿಗೇ ನಿಲ್ಲುವುದಿಲ್ಲ

ಬಡ ಕುಟುಂಬಗಳ ಪ್ರತಿಭಾವಂತ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಎಂಎಂಎಸ್ (ನ್ಯಾಷನಲ್ ಮೀನ್ಸ್-ಕಮ್-ಮೆರಿಟ್ ಸ್ಕಾಲರ್‌ಶಿಪ್) ವಿದ್ಯಾರ್ಥಿವೇತನ ಹತ್ತನೇ ತರಗತಿವರೆಗೆ ಮಾತ್ರ, ಒಮ್ಮೆ ಪರೀಕ್ಷೆ ಪಾಸಾದರೆ ಹಣ ತಾನಾಗಿಯೇ ಬರುತ್ತದೆ ಎಂಬ ಸಂದೇಶ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದ ಮಕ್ಕಳಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ನಾಲ್ಕು ವರ್ಷಕ್ಕೆ 48,000. ಕೂಲಿ ಮಾಡುವ ಮನೆಗೆ ಇದು ಸಣ್ಣ ಮೊತ್ತ ಅಲ್ವೇ ಅಲ್ಲ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಬಾರದು. ಮಗು ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯ ಶಾಲೆಯಲ್ಲಿ ಓದುತ್ತಿರಬೇಕು. ಖಾಸಗಿ ಶಾಲೆಗಳಿಗೆ, ಕೇಂದ್ರೀಯ ಮತ್ತು ನವೋದಯ ವಿದ್ಯಾಲಯಗಳಿಗೆ ಇದು ಅನ್ವಯಿಸುವುದಿಲ್ಲ.

ಹಣ ತಪ್ಪಿಹೋಗುವುದು ಜಾಸ್ತಿ ಇಲ್ಲೇ: ಪ್ರತಿ ವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಣ ಮಾಡಲೇಬೇಕು. ಹತ್ತರಲ್ಲಿ ಶೇ 60 ಅಂಕವೂ ಬೇಕು (ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 55). ಪಿಯುಸಿಗೆ ಖಾಸಗಿ ಕಾಲೇಜು ಸೇರಿದರೆ ಹಣ ನಿಲ್ಲುತ್ತದೆ. ಕಾಲೇಜು ಬದಲಾಗುವ ಹೊತ್ತಲ್ಲಿ ನೆನಪಿಸುವವರೇ ಇರುವುದಿಲ್ಲ. ಹಾಗಾಗಿ ಹೈಸ್ಕೂಲ್ ಶಿಕ್ಷಕರೇ ಟಿಸಿ ಕೊಡುವಾಗ ಈ ಮಾತು ಹೇಳಿ ಕಳಿಸಬೇಕು. ವಾಟ್ಸ್‌ಆ್ಯಪ್‌ನಲ್ಲಿ ಆ ತಪ್ಪು ಸಂದೇಶ ಕಂಡರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.